‘ಪರ್ಮಿಶನ್ ಡಿನೈಡ್’ ಬಂದಾಗ ಎಲ್ಲಿಂದ ಹುಡುಕಬೇಕು: ಗಿಟ್ ರೆಪೊಸಿಟರಿಗೆ ಎಸ್‌ಎಸ್‌ಎಚ್ ಕೀ ಮೂಲಕ ಪ್ರವೇಶ, ದೋಷ ನಿವಾರಣೆ ಕೈಪಿಡಿ

ಕೋಡಿನ ಆವೃತ್ತಿಗಳನ್ನು ನಿರ್ವಹಿಸುವ ಗಿಟ್ ತಂತ್ರಾಂಶದಿಂದ ರಿಮೋಟ್ ರೆಪೊಸಿಟರಿಗೆ, ಅಂದರೆ ದೂರದ ಸರ್ವರಿನಲ್ಲಿರುವ ಕೋಡ್ ಸಂಗ್ರಹಕ್ಕೆ, ಕೋಡ್ ಪುಶ್ ಮಾಡಲು (ಕಳುಹಿಸಲು) ಹೊರಟವರಿಗೆ ಪರದೆಯ ಮೇಲೆ ‘ಪರ್ಮಿಶನ್ ಡಿನೈಡ್, ಪಬ್ಲಿಕ್‌ಕೀ’ ಎಂಬ ಸಾಲು ಕಂಡರೆ, ಬಹುತೇಕರು ತಕ್ಷಣ ಮಾಡುವ ಕೆಲಸವೆಂದರೆ ಒಂದು ಖಾಸಗಿ, ಒಂದು ಸಾರ್ವಜನಿಕ ಕೀ ಇರುವ ಹೊಸ ಕೀ ಜೋಡಿಯೊಂದನ್ನು ಸೃಷ್ಟಿಸುವುದು. ಅದರಿಂದಲೂ ಫಲ ಸಿಗದಿದ್ದಾಗ ಮತ್ತೊಂದು, ಆಮೇಲೆ ಇನ್ನೊಂದು. ಅರ್ಧ ದಿನ ಕಳೆಯುವಷ್ಟರಲ್ಲಿ ಕಂಪ್ಯೂಟರಿನಲ್ಲಿ ನಾಲ್ಕಾರು ಕೀಗಳು, ಸರ್ವರ್ ಖಾತೆಯಲ್ಲಿ ಯಾವುದು ಯಾವುದೆಂದು ತಿಳಿಯದ ಮೂರು ನಮೂದುಗಳು ಉಳಿದಿರುತ್ತವೆ. ಮೂಲ ದೋಷ ಮಾತ್ರ ಇದ್ದಲ್ಲಿಯೇ ಇರುತ್ತದೆ. ಹಲವು ವರ್ಷ ಸಹೋದ್ಯೋಗಿಗಳ ಕಂಪ್ಯೂಟರ್‌ಗಳ ಮುಂದೆ ಕುಳಿತು ಈ ಒಂದು ಸಾಲಿನ ಬೆನ್ನು ಹತ್ತಿದ ಮೇಲೆ ನನಗೆ ಖಚಿತವಾದ ಸಂಗತಿ ಇಷ್ಟೇ: ಆ ಸಂದೇಶ ದೋಷದ ಹೆಸರಲ್ಲ, ನಿಮ್ಮ ಕಂಪ್ಯೂಟರ್ ಮತ್ತು ಸರ್ವರ್ ನಡುವಿನ ಮಾತುಕತೆ ಮುಗಿದುಹೋಯಿತು ಎಂಬ ಸುದ್ದಿ ಮಾತ್ರ. ಮಾತುಕತೆ ಯಾವ ಹಂತದಲ್ಲಿ ಮುರಿಯಿತು ಎಂಬುದನ್ನು ಕಂಡುಕೊಳ್ಳುವವರೆಗೆ ಏನನ್ನೂ ಬದಲಿಸಬಾರದು.

ಇಲ್ಲಿನ ವಿವರಣೆ ಲಿನಕ್ಸ್, ಮ್ಯಾಕ್ ಮತ್ತು ವಿಂಡೋಸ್‌ಗಳಲ್ಲಿ ಬಳಕೆಯಲ್ಲಿರುವ, ದೂರದ ಕಂಪ್ಯೂಟರಿಗೆ ಸುರಕ್ಷಿತ ಸಂಪರ್ಕ ಕಲ್ಪಿಸುವ ಎಸ್‌ಎಸ್‌ಎಚ್ ವಿಧಾನದ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶವನ್ನು ಆಧರಿಸಿದೆ. ಗಿಟ್‌ಹಬ್, ಗಿಟ್‌ಲ್ಯಾಬ್, ಬಿಟ್‌ಬಕೆಟ್ ಮುಂತಾದ ರೆಪೊಸಿಟರಿ ಇರಿಸುವ ಸೇವೆಗಳಿಗೂ, ಸ್ವಂತವಾಗಿ ನಡೆಸುವ ಗಿಟ್ ಸರ್ವರ್‌ಗೂ ತನಿಖೆಯ ಕ್ರಮ ಒಂದೇ.

ಮೊದಲು ವಿಳಾಸವನ್ನು ನೋಡಿ

ಕೀಗಳ ವಿಚಾರಕ್ಕೆ ಕೈ ಹಾಕುವ ಮುನ್ನ, ರೆಪೊಸಿಟರಿ ನಿಜಕ್ಕೂ ಎಸ್‌ಎಸ್‌ಎಚ್ ಮೂಲಕವೇ ಸಂಪರ್ಕಿಸುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ರೆಪೊಸಿಟರಿಯ ಫೋಲ್ಡರಿನೊಳಗೆ ‘ಗಿಟ್ ರಿಮೋಟ್’ ಕಮಾಂಡಿಗೆ ಸಣ್ಣ ವಿ ಆಯ್ಕೆಯನ್ನು ಸೇರಿಸಿ ನಡೆಸಿದರೆ ವಿಳಾಸ ಕಾಣುತ್ತದೆ. ಅದು ಎಚ್‌ಟಿಟಿಪಿಎಸ್ ಎಂದು ಆರಂಭವಾಗಿದ್ದರೆ ನೀವು ಎಷ್ಟೇ ಜಾಗರೂಕತೆಯಿಂದ ಕೀ ಸಿದ್ಧಪಡಿಸಿದ್ದರೂ ಗಿಟ್ ಅದನ್ನು ಮುಟ್ಟುವುದೇ ಇಲ್ಲ; ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಗಿಟ್ ಕೆಲಸಗಳಿಗೆ ಖಾತೆಯ ಪಾಸ್‌ವರ್ಡನ್ನು ಸ್ವೀಕರಿಸುವುದನ್ನು ನಿಲ್ಲಿಸಿರುವುದರಿಂದ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಅಲ್ಲಿ ನಿರಾಕರಣೆಯೇ ಸಿಗುತ್ತದೆ. ಇಂತಹ ಸಂದರ್ಭದಲ್ಲಿ ‘ಗಿಟ್ ರಿಮೋಟ್ ಸೆಟ್-ಯುಆರ್‌ಎಲ್’ ಮೂಲಕ ವಿಳಾಸವನ್ನು ಎಸ್‌ಎಸ್‌ಎಚ್ ರೂಪಕ್ಕೆ ಬದಲಿಸಿದರೆ ಸಾಕು.

ಎಸ್‌ಎಸ್‌ಎಚ್ ವಿಳಾಸದಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಿ: ಆಟ್ ಚಿಹ್ನೆಯ ಎಡಗಡೆ ಇರಬೇಕಾದದ್ದು ‘ಗಿಟ್’ ಎಂಬ ಪದ, ನಿಮ್ಮ ಖಾತೆಯ ಹೆಸರಲ್ಲ. ಈ ಸೇವೆಗಳಲ್ಲಿ ಎಲ್ಲರೂ ‘ಗಿಟ್’ ಎಂಬ ಒಂದೇ ಬಳಕೆದಾರರ ಹೆಸರಿನಲ್ಲಿ ಒಳಬರುತ್ತಾರೆ. ಯಾರು ಬಂದರು ಎಂಬುದನ್ನು ಸರ್ವರ್ ಕೀಯಿಂದಲೇ ಗುರುತಿಸುತ್ತದೆ. ಅಲ್ಲಿ ನಿಮ್ಮ ಸ್ವಂತ ಹೆಸರನ್ನು ಬರೆದರೆ ಕೀ ಸರಿಯಿದ್ದರೂ ಪ್ರವೇಶ ಸಿಗುವುದಿಲ್ಲ.

ಮಾತುಕತೆಯ ಹಂತಗಳು

ಕೀ ಆಧಾರಿತ ಪ್ರವೇಶದಲ್ಲಿ ನಡೆಯುವುದನ್ನು ಒಮ್ಮೆ ಮನಸ್ಸಿನಲ್ಲಿ ಮೂಡಿಸಿಕೊಂಡರೆ ಉಳಿದ ತನಿಖೆ ಸುಲಭವಾಗುತ್ತದೆ. ನಿಮ್ಮ ಕಂಪ್ಯೂಟರ್ ಮೊದಲು ಸರ್ವರನ್ನು ತಲುಪುತ್ತದೆ, ಸಾಮಾನ್ಯವಾಗಿ 22ನೇ ಪೋರ್ಟಿನಲ್ಲಿ. ಬಳಿಕ ಸರ್ವರ್ ತನ್ನ ಗುರುತನ್ನು ಹೋಸ್ಟ್ ಕೀ ಮೂಲಕ ಸಾಬೀತುಪಡಿಸುತ್ತದೆ. ಅದು ಒಪ್ಪಿಗೆಯಾದ ಮೇಲೆ ನಿಮ್ಮ ಕಡೆಯ ತಂತ್ರಾಂಶ ಒಂದೊಂದಾಗಿ ಸಾರ್ವಜನಿಕ ಕೀಗಳನ್ನು ಮುಂದಿಡುತ್ತಾ ‘ಇದು ನಡೆಯುತ್ತದೆಯೇ’ ಎಂದು ಕೇಳುತ್ತದೆ. ಸರ್ವರ್ ಒಂದನ್ನು ಒಪ್ಪಿದಾಗ, ನಿಮ್ಮ ಕಡೆಯ ತಂತ್ರಾಂಶ ಅದಕ್ಕೆ ಜೋಡಿಯಾದ ಖಾಸಗಿ ಕೀಯಿಂದ ಆ ಸಂಪರ್ಕಕ್ಕಷ್ಟೇ ಸೇರಿದ ದತ್ತಾಂಶಕ್ಕೆ ಸಹಿ ಹಾಕಿ ಕಳುಹಿಸುತ್ತದೆ. ಖಾಸಗಿ ಕೀ ನಿಮ್ಮ ಕಂಪ್ಯೂಟರನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಹೋಗಬೇಕಾದ ಅಗತ್ಯವೂ ಇಲ್ಲ. ಸಹಿ ಸರಿಹೊಂದಿದ ಮೇಲೆ ಸರ್ವರ್ ನೀವು ಯಾವ ಖಾತೆಯವರು ಎಂದು ತಿಳಿಯುತ್ತದೆ, ಕೊನೆಯದಾಗಿ ಆ ಖಾತೆಗೆ ಈ ರೆಪೊಸಿಟರಿಯ ಮೇಲೆ ಹಕ್ಕಿದೆಯೇ ಎಂದು ನೋಡುತ್ತದೆ.

ಈ ಸರಪಳಿಯ ಯಾವ ಕೊಂಡಿ ಕಳಚಿತು ಎಂಬುದನ್ನು ತಿಳಿಯಲು ಒಂದೇ ಪರೀಕ್ಷೆ ಸಾಕು. ಗಿಟ್ ಅನ್ನು ಪಕ್ಕಕ್ಕಿಟ್ಟು, ನೇರವಾಗಿ ‘ಎಸ್‌ಎಸ್‌ಎಚ್’ ಕಮಾಂಡಿಗೆ ಕ್ಯಾಪಿಟಲ್ ಟಿ ಮತ್ತು ಸಣ್ಣ ವಿ ಎಂಬ ಎರಡು ಆಯ್ಕೆಗಳನ್ನು ಕೊಟ್ಟು, ಗಿಟ್ ಎಂಬ ಹೆಸರಿನಲ್ಲಿ ಆ ಸರ್ವರಿಗೆ ಸಂಪರ್ಕಿಸಿ. ವಿ ಆಯ್ಕೆ ಪ್ರತಿ ಹೆಜ್ಜೆಯನ್ನೂ ಬರೆದು ತೋರಿಸುತ್ತದೆ. ಎಲ್ಲವೂ ಸರಿಯಿದ್ದರೆ ಗಿಟ್‌ಹಬ್ ನಿಮ್ಮ ಖಾತೆಯ ಹೆಸರು ಹಿಡಿದು ಸ್ವಾಗತಿಸಿ, ತಾನು ಶೆಲ್ ಪ್ರವೇಶ (ಸರ್ವರಿನಲ್ಲಿ ಕಮಾಂಡ್ ನಡೆಸುವ ಅವಕಾಶ) ಕೊಡುವುದಿಲ್ಲ ಎಂದು ಹೇಳಿ ಮುಗಿಸುತ್ತದೆ. ಆ ಕೊನೆಯ ಮಾತನ್ನು ಕಂಡು ಗಾಬರಿಯಾಗುವವರಿದ್ದಾರೆ. ಅದು ಯಶಸ್ಸಿನ ಸಂದೇಶ. ಕಮಾಂಡ್ 1 ಎಂಬ ನಿರ್ಗಮನ ಸಂಖ್ಯೆಯೊಂದಿಗೆ ಮುಗಿಯುವುದರಿಂದ, ಸ್ಕ್ರಿಪ್ಟಿನಲ್ಲಿ ಈ ಪರೀಕ್ಷೆಯನ್ನು ಬಳಸುವವರು ಸಂಖ್ಯೆಯನ್ನು ನಂಬದೆ ಸಂದೇಶವನ್ನು ಓದಬೇಕು.

ವಿವರ ದಾಖಲೆಯಲ್ಲಿ ಹುಡುಕಬೇಕಾದ ಸಾಲುಗಳು ಕೆಲವೇ ಇವೆ. ‘ಕನೆಕ್ಷನ್ ಎಸ್ಟಾಬ್ಲಿಷ್ಡ್’ ಬಂದಿದ್ದರೆ ಜಾಲದ ಹಂತ ದಾಟಿದೆ. ‘ಸರ್ವರ್ ಹೋಸ್ಟ್ ಕೀ’ ಎಂಬ ಸಾಲಿನ ನಂತರ ತಕರಾರು ಇಲ್ಲದಿದ್ದರೆ ಸರ್ವರಿನ ಗುರುತು ಒಪ್ಪಿಗೆಯಾಗಿದೆ. ‘ಆಫರಿಂಗ್ ಪಬ್ಲಿಕ್ ಕೀ’ ಎಂದರೆ ನಿಮ್ಮ ಕಡೆಯಿಂದ ಕೀಯೊಂದು ಮುಂದಿಡಲ್ಪಟ್ಟಿದೆ. ‘ಸರ್ವರ್ ಆಕ್ಸೆಪ್ಟ್ಸ್ ಕೀ’ ಎಂದರೆ ಆ ಕೀ ಸರ್ವರಿಗೆ ಪರಿಚಿತ. ‘ಆಥೆಂಟಿಕೇಟೆಡ್ ಟು’ ಎಂದರೆ ಪ್ರವೇಶ ಪೂರ್ಣವಾಗಿದೆ. ಈ ಐದರಲ್ಲಿ ಕೊನೆಯದಾಗಿ ಕಂಡ ಸಾಲು ಯಾವುದೋ, ದೋಷ ಅದರ ಮುಂದಿನ ಹೆಜ್ಜೆಯಲ್ಲಿದೆ.

ಸರ್ವರನ್ನೇ ತಲುಪದಿದ್ದರೆ

‘ಕನೆಕ್ಷನ್ ಟೈಮ್ಡ್ ಔಟ್’ ಅಥವಾ ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಂದರೆ ಕೀಗಳಿಗೂ ಈ ದೋಷಕ್ಕೂ ಸಂಬಂಧವಿಲ್ಲ. ಸಂಸ್ಥೆಗಳ ಜಾಲಗಳಲ್ಲಿ 22ನೇ ಪೋರ್ಟನ್ನು ಮುಚ್ಚಿರುವುದು ಸಾಮಾನ್ಯ. ಮೊಬೈಲಿನ ಹಾಟ್‌ಸ್ಪಾಟ್ ಮೂಲಕ ಅದೇ ಪರೀಕ್ಷೆಯನ್ನು ಮಾಡಿದಾಗ ಸರಿಯಾಗುವುದಾದರೆ ಅನುಮಾನ ಖಚಿತವಾದಂತೆ. ಇದಕ್ಕೆಂದೇ ದೊಡ್ಡ ಸೇವೆಗಳು 443ನೇ ಪೋರ್ಟಿನಲ್ಲೂ ಎಸ್‌ಎಸ್‌ಎಚ್ ಬಾಗಿಲು ತೆರೆದಿಟ್ಟಿವೆ: ಗಿಟ್‌ಹಬ್‌ನಲ್ಲಿ ‘ಎಸ್‌ಎಸ್‌ಎಚ್’ ಎಂಬ ಉಪಡೊಮೇನಿನ (ಮುಖ್ಯ ಹೆಸರಿನ ಮುಂದೆ ಸೇರುವ ಭಾಗದ) ವಿಳಾಸ, ಗಿಟ್‌ಲ್ಯಾಬ್ ಮತ್ತು ಬಿಟ್‌ಬಕೆಟ್‌ಗಳಲ್ಲಿ ‘ಆಲ್ಟ್‌ಎಸ್‌ಎಸ್‌ಎಚ್’ ಎಂಬ ಉಪಡೊಮೇನಿನ ವಿಳಾಸ. ನಿಮ್ಮ ಹೋಮ್ ಫೋಲ್ಡರಿನ ‘ಡಾಟ್ ಎಸ್‌ಎಸ್‌ಎಚ್’ ಫೋಲ್ಡರಿನೊಳಗೆ ಎಸ್‌ಎಸ್‌ಎಚ್ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲಿನಲ್ಲಿ ಹೋಸ್ಟ್‌ನೇಮ್ ಮತ್ತು ಪೋರ್ಟ್ ಬದಲಿಸಿದರೆ ಕೆಲಸ ನಡೆಯುತ್ತದೆ. ಆದರೆ ಆ ಜಾಲವನ್ನು ನೋಡಿಕೊಳ್ಳುವವರ ನಿಯಮ ಏನೆಂದು ಕೇಳಿ ಮುಂದುವರಿಯುವುದು ಒಳಿತು.

ಸರ್ವರಿನ ಗುರುತು ಬದಲಾಗಿದೆ ಎಂಬ ಎಚ್ಚರಿಕೆ

ಆಟ್ ಚಿಹ್ನೆಗಳ ಸಾಲುಗಳ ನಡುವೆ ದೊಡ್ಡಕ್ಷರಗಳಲ್ಲಿ ರಿಮೋಟ್ ಹೋಸ್ಟಿನ ಗುರುತು ಬದಲಾಗಿದೆ ಎಂಬ ಎಚ್ಚರಿಕೆ ಬಂದಾಗ, ಅಂತರ್ಜಾಲದಲ್ಲಿ ಸಿಗುವ ಮೊದಲ ಸಲಹೆ ಹಳೆಯ ನಮೂದನ್ನು ಅಳಿಸಿಬಿಡಿ ಎಂಬುದು. ಅಳಿಸುವುದು ಸುಲಭ: ‘ಎಸ್‌ಎಸ್‌ಎಚ್-ಕೀಜೆನ್’ ಕಮಾಂಡಿಗೆ ಕ್ಯಾಪಿಟಲ್ ಆರ್ ಆಯ್ಕೆ ಮತ್ತು ಸರ್ವರಿನ ಹೆಸರು ಕೊಟ್ಟರೆ ಪರಿಚಿತ ಸರ್ವರುಗಳ ಕೀಗಳನ್ನು ಬರೆದಿಡುವ ‘ನೋನ್ ಹೋಸ್ಟ್ಸ್’ ಫೈಲಿನಿಂದ ಅದು ಹೋಗುತ್ತದೆ. ಆದರೆ ಮಧ್ಯದಲ್ಲಿ ಯಾರೋ ಕುಳಿತು ಸರ್ವರಿನ ವೇಷ ಹಾಕಿದ್ದರೆ ನಿಮ್ಮನ್ನು ಎಚ್ಚರಿಸುವುದು ಇದೊಂದೇ ಸಂದೇಶ. ಹಾಗಾಗಿ ಅಳಿಸುವ ಮುನ್ನ ಹೊಸ ಕೀಯ ಫಿಂಗರ್‌ಪ್ರಿಂಟನ್ನು (ಕೀಯನ್ನು ಗುರುತಿಸುವ ಚಿಕ್ಕ ಅಕ್ಷರಸರಣಿಯನ್ನು) ಸೇವೆಯವರು ತಮ್ಮ ಅಧಿಕೃತ ದಾಖಲೆ ಪುಟದಲ್ಲಿ ಪ್ರಕಟಿಸಿರುವುದರೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಬೇಕು.

ಎಚ್ಚರಿಕೆ ನ್ಯಾಯವಾಗಿಯೇ ಬರುವ ಸಂದರ್ಭಗಳೂ ಇವೆ. 2023ರ ಮಾರ್ಚ್ 24ರಂದು ಗಿಟ್‌ಹಬ್ ತನ್ನ ಆರ್‌ಎಸ್‌ಎ ಹೋಸ್ಟ್ ಕೀಯನ್ನು ಬದಲಿಸಿತು. ಅದರ ಖಾಸಗಿ ಭಾಗ ಅಲ್ಪಕಾಲ ಸಾರ್ವಜನಿಕ ರೆಪೊಸಿಟರಿಯೊಂದರಲ್ಲಿ ಬಯಲಾಗಿತ್ತು ಎಂದು ಸಂಸ್ಥೆಯೇ ತಿಳಿಸಿತ್ತು. ಅದಕ್ಕಿಂತ ಹಿಂದಿನ ನಮೂದನ್ನು ಇಟ್ಟುಕೊಂಡಿರುವ ಹಳೆಯ ಕಂಪ್ಯೂಟರ್ ಅಥವಾ ಕೋಡನ್ನು ತಾನಾಗಿ ತಂದು ತಂತ್ರಾಂಶ ಕಟ್ಟುವ ಬಿಲ್ಡ್ ಸರ್ವರ್ ಇಂದಿಗೂ ಈ ಎಚ್ಚರಿಕೆಯಲ್ಲಿ ಸಿಲುಕಬಹುದು. ಇದನ್ನು ತಪ್ಪಿಸಲು ಹೋಸ್ಟ್ ಕೀ ಪರಿಶೀಲನೆಯನ್ನೇ ಶಾಶ್ವತವಾಗಿ ನಿಲ್ಲಿಸುವ ‘ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್ ನೋ’ ಎಂಬ ಸಾಲನ್ನು ಅನೇಕ ಬಿಲ್ಡ್ ಸ್ಕ್ರಿಪ್ಟ್‌ಗಳಲ್ಲಿ ಕಂಡಿದ್ದೇನೆ. ದಯವಿಟ್ಟು ಅದನ್ನು ತೆಗೆದು, ಪರಿಶೀಲಿಸಿದ ಹೋಸ್ಟ್ ಕೀಯನ್ನೇ ಅಲ್ಲಿ ಸೇರಿಸಿ.

ಕೀ ಮುಂದಿಡಲ್ಪಡುತ್ತಲೇ ಇಲ್ಲ

ನನ್ನ ಅನುಭವದಲ್ಲಿ ಹೆಚ್ಚಿನ ದೋಷಗಳು ಇರುವುದು ಇಲ್ಲಿ. ನೀವು ಸಿದ್ಧಪಡಿಸಿದ ಕೀ ಚೆನ್ನಾಗಿದೆ, ಸರ್ವರಿನಲ್ಲಿ ಸರಿಯಾಗಿ ನೋಂದಣಿಯೂ ಆಗಿದೆ. ಆದರೆ ಎಸ್‌ಎಸ್‌ಎಚ್ ತಂತ್ರಾಂಶಕ್ಕೆ ಆ ಕೀ ಇರುವುದೇ ಗೊತ್ತಿಲ್ಲ.

ವಿವರ ದಾಖಲೆಯಲ್ಲಿ ‘ಐಡೆಂಟಿಟಿ ಫೈಲ್’ ಎಂದು ಆರಂಭವಾಗುವ ಹಲವು ಸಾಲುಗಳಿದ್ದು, ಪ್ರತಿಯೊಂದರ ಕೊನೆಗೆ ‘ಟೈಪ್’ ಎಂಬ ಪದದ ಮುಂದೆ ಒಂದು ಸಂಖ್ಯೆ ಇರುತ್ತದೆ. ಮೈನಸ್ 1 ಎಂದಿದ್ದರೆ ಸಾಮಾನ್ಯವಾಗಿ ಆ ಹೆಸರಿನ ಫೈಲ್ ಸಿಕ್ಕಿಲ್ಲ ಎಂದರ್ಥ. ತಂತ್ರಾಂಶವು ಆರ್‌ಎಸ್‌ಎ, ಇಸಿಡಿಎಸ್‌ಎ, ಇಡಿ25519 ಎಂದು ತನಗೆ ಗೊತ್ತಿರುವ ಪೂರ್ವನಿಯೋಜಿತ ಹೆಸರುಗಳನ್ನೆಲ್ಲ ಒಂದು ಸುತ್ತು ಹುಡುಕುವುದರಿಂದ ಐದಾರು ಮೈನಸ್ 1 ಸಾಲುಗಳು ಕಾಣುವುದು ಸಹಜ, ಅವುಗಳಿಗೆ ಹೆದರಬೇಕಾಗಿಲ್ಲ. ಚಿಂತಿಸಬೇಕಾದದ್ದು ನಿಮ್ಮ ಕೀಯ ಹೆಸರಿನ ಸಾಲಿನಲ್ಲಿ ಮೈನಸ್ 1 ಇದ್ದಾಗ, ಅಥವಾ ನಿಮ್ಮ ಕೀಯ ಹೆಸರಿನ ಸಾಲೇ ಇಲ್ಲದಿದ್ದಾಗ. ಕೀ ಸೃಷ್ಟಿಸುವಾಗ ಫೈಲಿಗೆ ಬೇರೆ ಹೆಸರು ಕೊಟ್ಟವರೆಲ್ಲರಿಗೂ ಎರಡನೆಯದು ಆಗಿಯೇ ಆಗುತ್ತದೆ, ಏಕೆಂದರೆ ಪೂರ್ವನಿಯೋಜಿತವಲ್ಲದ ಹೆಸರನ್ನು ತಂತ್ರಾಂಶ ತಾನಾಗಿ ಹುಡುಕುವುದಿಲ್ಲ. ಕಾನ್ಫಿಗ್ ಫೈಲಿನಲ್ಲಿ ‘ಐಡೆಂಟಿಟಿಫೈಲ್’ ಎಂದು ಹೇಳಬೇಕು, ಇಲ್ಲವೇ ಕೀಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಹಿನ್ನೆಲೆ ತಂತ್ರಾಂಶವಾದ ಏಜೆಂಟಿಗೆ ಸೇರಿಸಬೇಕು. ಕೆಲವರು ಹೆಸರು ಕೇಳಿದಾಗ ಪೂರ್ಣ ಹಾದಿಯನ್ನು ಕೊಡದೆ ಹೆಸರನ್ನಷ್ಟೇ ಬರೆದಿರುತ್ತಾರೆ. ಆಗ ಕೀ ಜೋಡಿ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನ ಬದಲು ಆ ಕ್ಷಣದಲ್ಲಿ ನಿಂತಿದ್ದ ಫೋಲ್ಡರಿನಲ್ಲಿ ಕುಳಿತಿರುತ್ತದೆ. ಆ ಫೋಲ್ಡರ್ ರೆಪೊಸಿಟರಿಯೇ ಆಗಿದ್ದರೆ, ಮುಂದಿನ ಕಮಿಟ್‌ನಲ್ಲಿ ಖಾಸಗಿ ಕೀಯೂ ಸೇರಿ ಹೋಗುವ ಅಪಾಯವಿದೆ. ಹಾಗೆ ಹೋಗಿದ್ದರೆ ಕಮಿಟ್ ಅಳಿಸಿ ಸುಮ್ಮನಾಗಬಾರದು. ಆ ಕೀ ಬಯಲಾಗಿದೆ ಎಂದೇ ಭಾವಿಸಿ ಎಲ್ಲ ಸರ್ವರುಗಳಿಂದ ರದ್ದುಪಡಿಸಬೇಕು.

ಫೈಲಿನ ಅನುಮತಿಗಳು ಇನ್ನೊಂದು ಕಾರಣ. ಖಾಸಗಿ ಕೀಯು ಬೇರೆ ಬಳಕೆದಾರರು ಓದಬಹುದಾದ ಸ್ಥಿತಿಯಲ್ಲಿದ್ದರೆ ತಂತ್ರಾಂಶ ಅದನ್ನು ಬಳಸಲು ಒಪ್ಪದೆ, ರಕ್ಷಣೆಯಿಲ್ಲದ ಖಾಸಗಿ ಕೀ ಎಂದು ಎಚ್ಚರಿಸಿ ಪಕ್ಕಕ್ಕಿಡುತ್ತದೆ. ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700, ಖಾಸಗಿ ಕೀಗೆ 600, ಕಾನ್ಫಿಗ್ ಫೈಲಿಗೂ 600 ಇರಲಿ, ಅಂದರೆ ಅವು ಒಡೆಯರಿಗೆ ಮಾತ್ರ ತೆರೆದಿರಲಿ. ವಿಂಡೋಸ್‌ನ ಒಳಗಿನ ಲಿನಕ್ಸ್ ಪರಿಸರವಾದ ಡಬ್ಲ್ಯುಎಸ್‌ಎಲ್ ಬಳಸುವವರು ಸಿ ಡ್ರೈವಿನಲ್ಲಿರುವ ಕೀಯನ್ನೇ ನೇರವಾಗಿ ತೋರಿಸಿದರೆ, ಅಲ್ಲಿನ ಫೈಲುಗಳೆಲ್ಲವೂ ಸಾಮಾನ್ಯವಾಗಿ 777, ಅಂದರೆ ಎಲ್ಲರಿಗೂ ತೆರೆದದ್ದು, ಎಂದು ಕಾಣುವುದರಿಂದ ಅನುಮತಿ ಬದಲಿಸುವ ಕಮಾಂಡ್ ಕೊಟ್ಟರೂ ಪರಿಣಾಮವಾಗದೆ ಇರಬಹುದು; ಕೀಯನ್ನು ಲಿನಕ್ಸ್ ಕಡೆಯ ಹೋಮ್ ಫೋಲ್ಡರಿಗೆ ನಕಲಿಸಿ, ಅಲ್ಲಿ ಅನುಮತಿ ಸರಿಪಡಿಸುವುದೇ ನೆಟ್ಟಗಿನ ದಾರಿ.

ಏಜೆಂಟಿನ ವಿಷಯಕ್ಕೆ ಬಂದರೆ, ‘ಎಸ್‌ಎಸ್‌ಎಚ್-ಆಡ್’ ಕಮಾಂಡಿಗೆ ಸಣ್ಣ ಎಲ್ ಆಯ್ಕೆ ಕೊಟ್ಟಾಗ ಮೂರು ಬಗೆಯ ಉತ್ತರ ಬರಬಹುದು. ಏಜೆಂಟನ್ನು ಸಂಪರ್ಕಿಸಲಾಗಲಿಲ್ಲ ಎಂದರೆ ಏಜೆಂಟ್ ಓಡುತ್ತಿಲ್ಲ, ಅಥವಾ ಓಡುತ್ತಿದ್ದರೂ ಈ ಟರ್ಮಿನಲ್‌ಗೆ ಅದರ ವಿಳಾಸ ಗೊತ್ತಿಲ್ಲ. ಗುರುತುಗಳೇ ಇಲ್ಲ ಎಂದರೆ ಏಜೆಂಟ್ ಇದೆ, ಬರಿದಾಗಿದೆ; ಕಂಪ್ಯೂಟರ್ ಮರುಪ್ರಾರಂಭವಾದ ಮರುದಿನ ಬೆಳಗ್ಗೆ ‘ನಿನ್ನೆ ಸರಿಯಿತ್ತು’ ಎಂದು ಬರುವ ದೂರುಗಳ ಹಿಂದೆ ಇದೇ ಇರುತ್ತದೆ. ಮೂರನೆಯದು ಫಿಂಗರ್‌ಪ್ರಿಂಟ್‌ಗಳ ಪಟ್ಟಿ. ಅದರಲ್ಲಿ ನಿಮಗೆ ಬೇಕಾದದ್ದು ಇದೆಯೇ ಎಂದು ನೋಡಬೇಕು.

ಪಟ್ಟಿ ಉದ್ದವಾಗಿದ್ದರೆ ಅದೇ ದೋಷವಾಗಬಹುದು. ಓಪನ್‌ಎಸ್‌ಎಸ್‌ಎಚ್ ಸರ್ವರ್ ಪೂರ್ವನಿಯೋಜಿತವಾಗಿ ಒಂದು ಸಂಪರ್ಕದಲ್ಲಿ 6 ಪ್ರಯತ್ನಗಳನ್ನು ಮಾತ್ರ ಸಹಿಸುತ್ತದೆ, ಮತ್ತು ಮುಂದಿಟ್ಟ ಪ್ರತಿ ತಪ್ಪು ಕೀಯೂ ಒಂದು ಪ್ರಯತ್ನವೆಂದೇ ಲೆಕ್ಕ. ಏಜೆಂಟಿನಲ್ಲಿ ಹತ್ತು ಕೀಗಳಿದ್ದು ಸರಿಯಾದದ್ದು ಎಂಟನೆಯದಾಗಿದ್ದರೆ, ಅದರ ಸರದಿ ಬರುವ ಮುನ್ನವೇ ‘ಟೂ ಮೆನಿ ಆಥೆಂಟಿಕೇಶನ್ ಫೇಲ್ಯೂರ್ಸ್’ ಎಂದು ಸರ್ವರ್ ಸಂಪರ್ಕ ಕಡಿಯುತ್ತದೆ. ಆರಂಭದಲ್ಲಿ ಹೇಳಿದ, ದೋಷ ಬಂದಾಗಲೆಲ್ಲ ಹೊಸ ಕೀ ಸೃಷ್ಟಿಸುವ ಅಭ್ಯಾಸ ಕೊನೆಗೆ ತಂದು ನಿಲ್ಲಿಸುವುದು ಇಲ್ಲಿಗೇ. ಕಾನ್ಫಿಗ್ ಫೈಲಿನಲ್ಲಿ ಆ ಹೋಸ್ಟಿನ ಕೆಳಗೆ ‘ಐಡೆಂಟಿಟಿಫೈಲ್’ ಜೊತೆಗೆ ‘ಐಡೆಂಟಿಟೀಸ್‌ಓನ್ಲಿ ಯೆಸ್’ ಎಂದು ಬರೆದರೆ, ಹೇಳಿದ ಕೀಯನ್ನು ಬಿಟ್ಟು ಬೇರೆ ಯಾವುದನ್ನೂ ತಂತ್ರಾಂಶ ಮುಂದಿಡುವುದಿಲ್ಲ.

ಕಾನ್ಫಿಗ್ ಫೈಲ್ ಓದಲ್ಪಡುವ ಕ್ರಮವೂ ಮುಖ್ಯ. ಒಂದು ಆಯ್ಕೆಗೆ ಮೊದಲು ಸಿಕ್ಕ ಬೆಲೆಯೇ ಊರ್ಜಿತ; ಕೆಳಗೆ ಮತ್ತೆ ಬರೆದದ್ದು ಲೆಕ್ಕಕ್ಕಿಲ್ಲ. ಆದ್ದರಿಂದ ಎಲ್ಲ ಹೋಸ್ಟ್‌ಗಳಿಗೂ ಅನ್ವಯಿಸುವ ನಕ್ಷತ್ರ ಚಿಹ್ನೆಯ ವಿಭಾಗ ಕೊನೆಯಲ್ಲಿರಬೇಕು. ‘ಐಡೆಂಟಿಟಿಫೈಲ್’ ಇದಕ್ಕೆ ಹೊರತು: ಅದನ್ನು ಹಲವು ಕಡೆ ಬರೆದಿದ್ದರೆ ಎಲ್ಲವೂ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಕೊನೆಗೆ ಏನು ಊರ್ಜಿತವಾಗಿದೆ ಎಂಬುದನ್ನು ಊಹಿಸುತ್ತಾ ಕೂರಬೇಕಿಲ್ಲ. ‘ಎಸ್‌ಎಸ್‌ಎಚ್’ ಕಮಾಂಡಿಗೆ ಕ್ಯಾಪಿಟಲ್ ಜಿ ಆಯ್ಕೆ ಮತ್ತು ಹೋಸ್ಟ್ ಹೆಸರು ಕೊಟ್ಟರೆ ಸಂಪರ್ಕ ಮಾಡದೆಯೇ ಅಂತಿಮ ಬೆಲೆಗಳನ್ನೆಲ್ಲ ಮುದ್ರಿಸುತ್ತದೆ. ಇಷ್ಟು ಉಪಯುಕ್ತವಾದ ಆಯ್ಕೆಯನ್ನು ಬಳಸುವವರು ಇಷ್ಟು ಕಡಿಮೆ ಏಕೆ ಎಂಬುದು ನನಗೆ ಇಂದಿಗೂ ಅಚ್ಚರಿ.

ವಿಂಡೋಸ್‌ನಲ್ಲಿ ಒಂದು ವಿಶೇಷ ಗೊಂದಲವಿದೆ. ಗಿಟ್ ಜೊತೆಗೆ ಬರುವ ಎಸ್‌ಎಸ್‌ಎಚ್ ಒಂದು, ವಿಂಡೋಸ್ ತಾನೇ ಒದಗಿಸುವ ಓಪನ್‌ಎಸ್‌ಎಸ್‌ಎಚ್ ಇನ್ನೊಂದು. ಎರಡಕ್ಕೂ ಏಜೆಂಟ್‌ಗಳು ಬೇರೆ. ಪವರ್‌ಶೆಲ್‌ನಲ್ಲಿ ಕೀ ಸೇರಿಸಿ, ಪರೀಕ್ಷಿಸಿ, ಸರಿಯಿದೆ ಎಂದುಕೊಂಡವರು ಗಿಟ್ ಪುಶ್ ಮಾಡಿದಾಗ ಗಿಟ್ ತನ್ನೊಂದಿಗೆ ತಂದ ಎಸ್‌ಎಸ್‌ಎಚ್ ಅನ್ನು ಬಳಸಿದರೆ, ಅದಕ್ಕೆ ಆ ಕೀಯ ಸುದ್ದಿಯೇ ಇರುವುದಿಲ್ಲ. ಗಿಟ್‌ನ ‘ಕೋರ್ ಡಾಟ್ ಎಸ್‌ಎಸ್‌ಎಚ್‌ಕಮಾಂಡ್’ ಎಂಬ ಸೆಟ್ಟಿಂಗಿನಲ್ಲಿ ಯಾವ ಎಸ್‌ಎಸ್‌ಎಚ್ ಬಳಸಬೇಕೆಂದು ಪೂರ್ಣ ಹಾದಿಯೊಂದಿಗೆ ಹೇಳಿಬಿಟ್ಟರೆ ಗೊಂದಲ ನಿವಾರಣೆಯಾಗುತ್ತದೆ. ವಿಂಡೋಸ್‌ನ ಏಜೆಂಟ್ ಸೇವೆ ಪೂರ್ವನಿಯೋಜಿತವಾಗಿ ನಿಷ್ಕ್ರಿಯವಾಗಿರುತ್ತದೆ ಎಂಬುದೂ ನೆನಪಿರಲಿ. ಸರ್ವಿಸಸ್ ಪಟ್ಟಿಯಲ್ಲಿ ಅದನ್ನು ಸಕ್ರಿಯಗೊಳಿಸಬೇಕು. ಇನ್ನೊಂದು ಎಸ್‌ಎಸ್‌ಎಚ್ ತಂತ್ರಾಂಶವಾದ ಪುಟ್ಟಿಯ ಪಿಪಿಕೆ ಎಂಬ ಕೀ ಫೈಲನ್ನು ಓಪನ್‌ಎಸ್‌ಎಸ್‌ಎಚ್‌ಗೆ ಕೊಟ್ಟರೆ ಸ್ವರೂಪ ತಪ್ಪು ಎಂಬ ಉತ್ತರ ಬರುತ್ತದೆ; ಪುಟ್ಟಿಜೆನ್ ಮೂಲಕ ಅದನ್ನು ಪರಿವರ್ತಿಸಿಕೊಳ್ಳಬೇಕು.

ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಇದಕ್ಕೆ ಸಮನಾದ ಗೊಂದಲವೆಂದರೆ ನಿರ್ವಾಹಕರ ಹಕ್ಕು ಕೊಡುವ ‘ಸುಡೊ’ ಸೇರಿಸಿ ಗಿಟ್ ನಡೆಸುವುದು. ಆಗ ಕೆಲಸ ಮಾಡುತ್ತಿರುವುದು ನೀವಲ್ಲ, ರೂಟ್ ಬಳಕೆದಾರ. ಕೀ ಹುಡುಕುವುದೂ ಆತನ ಹೋಮ್ ಫೋಲ್ಡರಿನಲ್ಲಿ. ಸುಡೊ ತೆಗೆದು, ರೆಪೊಸಿಟರಿ ಫೋಲ್ಡರಿನ ಒಡೆತನವನ್ನು ಸರಿಪಡಿಸಿ.

ಮುಂದಿಟ್ಟರೂ ಸರ್ವರ್ ಒಪ್ಪುತ್ತಿಲ್ಲ

‘ಆಫರಿಂಗ್’ ಸಾಲು ಇದ್ದು ‘ಆಕ್ಸೆಪ್ಟ್ಸ್’ ಸಾಲು ಬಾರದಿದ್ದರೆ, ಆ ಕೀಯನ್ನು ಸರ್ವರ್ ಗುರುತಿಸುತ್ತಿಲ್ಲ. ಆಫರಿಂಗ್ ಸಾಲಿನಲ್ಲೇ ಕೀಯ ಎಸ್‌ಎಚ್‌ಎ256 ಫಿಂಗರ್‌ಪ್ರಿಂಟ್ ಇರುತ್ತದೆ. ಸೇವೆಯ ಸೆಟ್ಟಿಂಗ್ ಪುಟದಲ್ಲಿ ನೋಂದಾಯಿತ ಕೀಯ ಪಕ್ಕದಲ್ಲಿ ತೋರಿಸುವ ಫಿಂಗರ್‌ಪ್ರಿಂಟಿನೊಂದಿಗೆ ಅದನ್ನು ಹೋಲಿಸಿ. ಹೊಂದದಿದ್ದರೆ ನೀವು ನೋಂದಾಯಿಸಿದ್ದು ಬೇರೆ ಕೀಯನ್ನು. ಕೀಗೆ ಕೊಟ್ಟ ಶೀರ್ಷಿಕೆ ಅಥವಾ ಕೊನೆಯಲ್ಲಿರುವ ಇಮೇಲ್ ರೂಪದ ಟಿಪ್ಪಣಿಯನ್ನು ನೋಡಿ ‘ಇದೇ ಅದು’ ಎಂದು ನಿರ್ಧರಿಸಬೇಡಿ; ಟಿಪ್ಪಣಿಗೆ ದೃಢೀಕರಣದಲ್ಲಿ ಯಾವ ಪಾತ್ರವೂ ಇಲ್ಲ, ಒಂದೇ ಟಿಪ್ಪಣಿ ಹತ್ತು ಕೀಗಳಲ್ಲಿ ಇರಬಹುದು.

ಕೀಯ ವಯಸ್ಸೂ ಕಾರಣವಾಗಬಹುದು. ಓಪನ್‌ಎಸ್‌ಎಸ್‌ಎಚ್ 2015ರ 7.0 ಆವೃತ್ತಿಯಲ್ಲಿ ಡಿಎಸ್‌ಎ ಕೀಗಳನ್ನು ಪೂರ್ವನಿಯೋಜಿತವಾಗಿ ಕೈಬಿಟ್ಟಿತು. ಅಂತಹ ಕೀ ಇದ್ದರೆ ಬದಲಿಸಲೇಬೇಕು. ಆರ್‌ಎಸ್‌ಎ ವಿಷಯ ಸ್ವಲ್ಪ ಸೂಕ್ಷ್ಮ. 2021ರ 8.8 ಆವೃತ್ತಿಯಲ್ಲಿ ನಿಂತುಹೋದದ್ದು ಆರ್‌ಎಸ್‌ಎ ಕೀ ಅಲ್ಲ, ಎಸ್‌ಎಚ್‌ಎ-1 ಬಳಸಿ ಹಾಕುವ ಆರ್‌ಎಸ್‌ಎ ಸಹಿ. ಅದೇ ಕೀ ಎಸ್‌ಎಚ್‌ಎ-2 ಸಹಿಯೊಂದಿಗೆ ಇಂದಿಗೂ ನಡೆಯುತ್ತದೆ. ಆದ್ದರಿಂದ ಹೊಸ ಕ್ಲೈಂಟ್ ತೀರಾ ಹಳೆಯ ಸರ್ವರಿನೊಂದಿಗೆ ಮಾತನಾಡುವಾಗ, ಪರಸ್ಪರ ಒಪ್ಪುವ ಸಹಿ ವಿಧಾನವಿಲ್ಲ ಎಂಬರ್ಥದ ‘ನೋ ಮ್ಯೂಚುಯಲ್ ಸಿಗ್ನೇಚರ್’ ಎಂಬ ಮಾತು ದಾಖಲೆಯಲ್ಲಿ ಕಂಡರೆ ಕೀ ಹಾಳಾಗಿದೆ ಎಂದುಕೊಳ್ಳಬೇಡಿ. ಇಡಿ25519 ಬಗೆಯ ಕೀಗೆ ಓಪನ್‌ಎಸ್‌ಎಸ್‌ಎಚ್ 6.5ರಿಂದ, ಅಂದರೆ 2014ರಿಂದ ಬೆಂಬಲವಿರುವುದರಿಂದ ಆ ಬಗೆಯ ಕೀ ಸೃಷ್ಟಿಸಿ ನೋಂದಾಯಿಸುವುದು ಬಹುಪಾಲು ಕಡೆ ನೆಮ್ಮದಿಯ ಪರಿಹಾರ. ಇಡೀ ಕೈಪಿಡಿಯಲ್ಲಿ ಹೊಸ ಕೀ ಸೃಷ್ಟಿಸುವುದೇ ಸರಿಯಾದ ಉತ್ತರವಾಗುವ ಕೆಲವೇ ಜಾಗಗಳಲ್ಲಿ ಇದೂ ಒಂದು. ಸರ್ವರ್ ಬದಲಾಗುವವರೆಗೆ ಹಳೆಯ ಸಹಿಗೆ ಅವಕಾಶ ಕೊಡಲೇಬೇಕಾದರೆ, ‘ಪಬ್‌ಕೀಆಕ್ಸೆಪ್ಟೆಡ್‌ಆಲ್ಗಾರಿದಮ್ಸ್’ ಆಯ್ಕೆಯನ್ನು ಆ ಒಂದು ಹೋಸ್ಟಿನ ವಿಭಾಗದಲ್ಲಿ ಮಾತ್ರ ಬರೆಯಿರಿ.

ಸಾರ್ವಜನಿಕ ಕೀಯನ್ನು ಅಂಟಿಸುವಾಗ ಟರ್ಮಿನಲ್‌ನಲ್ಲಿ ಮುರಿದ ಸಾಲುಗಳು ಹಾಗೆಯೇ ಬಂದಿದ್ದರೂ ಸರ್ವರ್ ಗುರುತಿಸುವುದಿಲ್ಲ. ಸಾರ್ವಜನಿಕ ಕೀ ಎಷ್ಟೇ ಉದ್ದವಿದ್ದರೂ ಒಂದೇ ಸಾಲು.

ಒಪ್ಪಿದ ಮೇಲೂ ಬಾಗಿಲು ತೆರೆಯದಿದ್ದರೆ

ಇದು ಅಪರೂಪ, ಆದರೆ ಒಮ್ಮೆ ನಮ್ಮ ಒಂದಿಡೀ ಮಧ್ಯಾಹ್ನವನ್ನು ತಿಂದದ್ದರಿಂದ ವಿವರವಾಗಿ ಬರೆಯುತ್ತೇನೆ. ಸಹೋದ್ಯೋಗಿಯೊಬ್ಬರು ಹೊಸ ಲ್ಯಾಪ್‌ಟಾಪ್‌ನಲ್ಲಿ ಕೀ ಜೋಡಿ ಸೃಷ್ಟಿಸಿ, ಸಾರ್ವಜನಿಕ ಭಾಗವನ್ನು ಸರ್ವರಿನಲ್ಲಿ ನೋಂದಾಯಿಸಿದ್ದರು. ವಿವರ ದಾಖಲೆಯಲ್ಲಿ ಆಫರಿಂಗ್ ಸಾಲಿತ್ತು, ಅದರ ಫಿಂಗರ್‌ಪ್ರಿಂಟ್ ಸೆಟ್ಟಿಂಗ್ ಪುಟದಲ್ಲಿದ್ದುದಕ್ಕೆ ಹೊಂದುತ್ತಿತ್ತು, ಸರ್ವರ್ ಕೀಯನ್ನು ಒಪ್ಪಿತು ಎಂಬ ಸಾಲೂ ಇತ್ತು. ಮರುಕ್ಷಣವೇ ಪರ್ಮಿಶನ್ ಡಿನೈಡ್. ಅನುಮತಿಗಳನ್ನು ನೋಡಿದೆವು, ಏಜೆಂಟನ್ನು ಖಾಲಿ ಮಾಡಿದೆವು, ಜಾಲ ಬದಲಿಸಿದೆವು. ಕಣ್ಣ ಮುಂದೆಯೇ ಇದ್ದು ಓದದೆ ಬಿಟ್ಟ ಸಾಲು ಒಂದಿತ್ತು: ಖಾಸಗಿ ಕೀಯ ಒಳಗಿರುವುದು ಸಾರ್ವಜನಿಕ ಕೀಗೆ ಹೊಂದುತ್ತಿಲ್ಲ ಎಂದು ‘ಐಡೆಂಟಿಟಿ ಸೈನ್’ ಎಂಬ ಪದಗಳಿಂದ ಆರಂಭವಾಗುವ ಸಾಲು ಸ್ಪಷ್ಟವಾಗಿಯೇ ಹೇಳಿತ್ತು.

ನಡೆದದ್ದು ಇಷ್ಟು. ಹೊಸ ಕೀ ನೋಂದಾಯಿಸಿದ ಮೇಲೆ ಅವರು ಹಳೆಯ ಲ್ಯಾಪ್‌ಟಾಪ್‌ನಿಂದ ಕೆಲವು ಫೈಲುಗಳನ್ನು ತಂದಿದ್ದರು, ಅವುಗಳಲ್ಲಿ ಅದೇ ಹೆಸರಿನ ಹಳೆಯ ಖಾಸಗಿ ಕೀಯೂ ಇತ್ತು. ಅದು ಹೊಸ ಖಾಸಗಿ ಕೀಯ ಮೇಲೆ ಕುಳಿತಿತು. ಪಕ್ಕದಲ್ಲಿದ್ದ, ಸಾರ್ವಜನಿಕ ಕೀ ಇರುವ ಪಬ್ ಫೈಲ್ ಮಾತ್ರ ಹೊಸದೇ ಉಳಿಯಿತು. ಎಸ್‌ಎಸ್‌ಎಚ್ ಮೊದಲು ಪಬ್ ಫೈಲನ್ನು ಓದಿ ಅದನ್ನೇ ಮುಂದಿಡುತ್ತದೆ, ಸರ್ವರ್ ಒಪ್ಪುತ್ತದೆ, ಆದರೆ ಸಹಿ ಹಾಕುವ ಹೊತ್ತಿಗೆ ಕೈಗೆ ಸಿಗುವುದು ಬೇರೆ ಜೋಡಿಯ ಖಾಸಗಿ ಕೀ. ಇಲ್ಲಿ ಫಿಂಗರ್‌ಪ್ರಿಂಟ್ ಹೋಲಿಕೆಯೂ ದಾರಿ ತಪ್ಪಿಸಬಹುದು, ಏಕೆಂದರೆ ಖಾಸಗಿ ಕೀಯ ಹೆಸರು ಕೊಟ್ಟು ಫಿಂಗರ್‌ಪ್ರಿಂಟ್ ಕೇಳಿದಾಗಲೂ ‘ಎಸ್‌ಎಸ್‌ಎಚ್-ಕೀಜೆನ್’ ಪಕ್ಕದ ಪಬ್ ಫೈಲನ್ನೇ ಓದಿ ಹೇಳುವ ಸಾಧ್ಯತೆ ಇದೆ. ನಂಬಬಹುದಾದ ಪರೀಕ್ಷೆ ಅದೇ ಕಮಾಂಡಿನ ಸಣ್ಣ ವೈ ಆಯ್ಕೆ. ಅದು ಖಾಸಗಿ ಕೀಯಿಂದಲೇ ಸಾರ್ವಜನಿಕ ಕೀಯನ್ನು ಮತ್ತೆ ಹೊರತೆಗೆದು ತೋರಿಸುತ್ತದೆ. ಹಾಗೆ ಬಂದ ಸಾಲನ್ನು ಪಬ್ ಫೈಲಿನ ಸಾಲಿನೊಂದಿಗೆ ಹೋಲಿಸಿದಾಗ, ಎರಡೂ ಒಂದೇ ಬಗೆಯಲ್ಲಿ ಆರಂಭವಾಗಿ ಇಪ್ಪತ್ತೈದಕ್ಷರ ದಾಟುವಷ್ಟರಲ್ಲಿ ಬೇರೆಯಾಗಿದ್ದವು. ಆರಂಭದ ಅಕ್ಷರಗಳು ಕೀಯ ಬಗೆಯನ್ನು ಸೂಚಿಸುವುದರಿಂದ ಎಲ್ಲ ಇಡಿ25519 ಕೀಗಳಲ್ಲೂ ಅವು ಒಂದೇ. ಮೊದಲ ನೋಟಕ್ಕೆ ಮೋಸಹೋಗುವುದು ಹಾಗೆ. ಹೊಸ ಖಾಸಗಿ ಕೀ ಅಳಿದುಹೋಗಿದ್ದರಿಂದ ಅದರ ನಮೂದನ್ನು ಸರ್ವರಿನಿಂದ ತೆಗೆದು, ಹಳೆಯ ಜೋಡಿಗೆ ಬೇರೆ ಹೆಸರಿಟ್ಟು, ಹೊಸ ಜೋಡಿ ಸೃಷ್ಟಿಸಿದೆವು.

ಖಾಸಗಿ ಕೀಯನ್ನು ಬಿಲ್ಡ್ ವ್ಯವಸ್ಥೆಯ ರಹಸ್ಯ ಪೆಟ್ಟಿಗೆಗೆ ಅಂಟಿಸುವವರಿಗೆ ಬರುವ ‘ಎರರ್ ಇನ್ ಲಿಬ್‌ಕ್ರಿಪ್ಟೊ’ ಎಂಬ ದೋಷವೂ ಸಹಿಯ ಹಂತದ್ದೇ. ಕೀ ಫೈಲಿನ ಕೊನೆಯ ಸಾಲಿನ ನಂತರ ಇರಬೇಕಾದ ಹೊಸಸಾಲು ಅಂಟಿಸುವಾಗ ಉದುರಿರುತ್ತದೆ, ಇಲ್ಲವೇ ವಿಂಡೋಸ್ ಮಾದರಿಯ ಸಾಲಿನ ಕೊನೆಗಳು ಸೇರಿರುತ್ತವೆ.

ಒಳಗೆ ಹೋದರೂ ರೆಪೊಸಿಟರಿ ಇಲ್ಲ

ಎಸ್‌ಎಸ್‌ಎಚ್ ಪರೀಕ್ಷೆ ಸ್ವಾಗತಿಸುತ್ತದೆ, ಆದರೆ ಗಿಟ್ ಮಾತ್ರ ರೆಪೊಸಿಟರಿ ಸಿಗಲಿಲ್ಲ ಎನ್ನುತ್ತದೆ. ಸ್ವಾಗತದ ಸಾಲಿನಲ್ಲಿರುವ ಖಾತೆಯ ಹೆಸರನ್ನು ಓದಿ. ಕೆಲಸದ ಖಾತೆ ಬೇಕಾದಲ್ಲಿ ವೈಯಕ್ತಿಕ ಖಾತೆಯ ಹೆಸರು ಕಂಡರೆ ಕಾರಣ ಸಿಕ್ಕಂತೆ. ಹಕ್ಕಿಲ್ಲದವರಿಗೆ ಖಾಸಗಿ ರೆಪೊಸಿಟರಿಯ ಇರುವಿಕೆಯೇ ತಿಳಿಯಬಾರದೆಂದು ಸೇವೆಗಳು ‘ಅನುಮತಿ ಇಲ್ಲ’ ಎನ್ನುವ ಬದಲು ‘ಇಲ್ಲ’ ಎಂದೇ ಹೇಳುತ್ತವೆ. ಗಿಟ್‌ಹಬ್‌ನಲ್ಲಿ ಒಂದು ಕೀಯನ್ನು ಎರಡು ಖಾತೆಗಳಿಗೆ ಸೇರಿಸಲಾಗದು. ಆದ್ದರಿಂದ ಎರಡು ಖಾತೆಗಳಿಗೆ ಎರಡು ಕೀ, ಕಾನ್ಫಿಗ್‌ನಲ್ಲಿ ಎರಡು ಅಡ್ಡಹೆಸರುಗಳು ಬೇಕು. ಎರಡಕ್ಕೂ ಹೋಸ್ಟ್‌ನೇಮ್ ಒಂದೇ, ಐಡೆಂಟಿಟಿಫೈಲ್ ಬೇರೆ. ಇಷ್ಟು ಮಾಡಿದವರೂ ಮರೆಯುವುದೇನೆಂದರೆ, ರೆಪೊಸಿಟರಿಯ ರಿಮೋಟ್ ವಿಳಾಸದಲ್ಲಿ ನಿಜವಾದ ಹೋಸ್ಟ್ ಹೆಸರಿನ ಜಾಗದಲ್ಲಿ ಆ ಅಡ್ಡಹೆಸರನ್ನು ಬರೆಯಬೇಕು. ಬರೆಯದಿದ್ದರೆ ಅಡ್ಡಹೆಸರಿನ ವಿಭಾಗ ಎಂದೂ ಅನ್ವಯವಾಗುವುದಿಲ್ಲ.

ಓದಲು ಸಾಧ್ಯವಾಗಿ ಪುಶ್ ಮಾತ್ರ ಆಗದಿದ್ದರೆ ಅದು ಡಿಪ್ಲಾಯ್ ಕೀ (ಖಾತೆಗಲ್ಲದೆ ಒಂದು ರೆಪೊಸಿಟರಿಗೆ ಸೇರಿಸಿದ ಕೀ) ಇರಬಹುದು. ಬರೆಯುವ ಹಕ್ಕನ್ನು ಅದಕ್ಕೆ ಪ್ರತ್ಯೇಕವಾಗಿ ಕೊಡಬೇಕು. ಸಂಸ್ಥೆಯು ಏಕ ಸೈನ್-ಆನ್ ವ್ಯವಸ್ಥೆ ಕಡ್ಡಾಯಗೊಳಿಸಿದ್ದರೆ, ನೋಂದಾಯಿತ ಕೀಗೆ ಆ ಸಂಸ್ಥೆಯ ಮಟ್ಟಿಗೆ ಮತ್ತೊಮ್ಮೆ ಒಪ್ಪಿಗೆ ಪಡೆಯಬೇಕಾಗುತ್ತದೆ.

ಸರ್ವರ್ ನಿಮ್ಮದೇ ಆಗಿದ್ದರೆ

ಆಗ ಕ್ಲೈಂಟಿನ ದಾಖಲೆಗಿಂತ ಸರ್ವರಿನ ದಾಖಲೆ ಹೆಚ್ಚು ಹೇಳುತ್ತದೆ. ಭದ್ರತೆಯ ದೃಷ್ಟಿಯಿಂದ ಸರ್ವರ್ ಹೊರಗಿನವರಿಗೆ ನಿರಾಕರಣೆಯ ಕಾರಣವನ್ನು ತಿಳಿಸುವುದಿಲ್ಲ, ಆದರೆ ತನ್ನ ಲಾಗಿನಲ್ಲಿ ಬರೆದಿಡುತ್ತದೆ: ಡೆಬಿಯನ್ ಬಗೆಯ ವ್ಯವಸ್ಥೆಗಳಲ್ಲಿ ಆಥ್ ಲಾಗ್, ರೆಡ್‌ಹ್ಯಾಟ್ ಬಗೆಯವುಗಳಲ್ಲಿ ಸೆಕ್ಯೂರ್ ಎಂಬ ಫೈಲ್, ಅಥವಾ ಜರ್ನಲ್. ಅಲ್ಲಿ ‘ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್’ ಎಂದಿದ್ದರೆ ಗಿಟ್ ಬಳಕೆದಾರರ ಹೋಮ್ ಫೋಲ್ಡರ್, ಡಾಟ್ ಎಸ್‌ಎಸ್‌ಎಚ್ ಫೋಲ್ಡರ್ ಅಥವಾ ಒಪ್ಪಿತ ಕೀಗಳ ಪಟ್ಟಿಯಾದ ‘ಆಥರೈಸ್ಡ್ ಕೀಸ್’ ಫೈಲಿಗೆ ಇತರರೂ ಬರೆಯಬಹುದಾದ ಸ್ಥಿತಿ ಇದೆ. ಹೋಮ್ ಫೋಲ್ಡರನ್ನು ನೋಡಲು ಮರೆಯುವವರೇ ಹೆಚ್ಚು. ಲಿನಕ್ಸ್‌ನ ಹೆಚ್ಚುವರಿ ಭದ್ರತಾ ವ್ಯವಸ್ಥೆಯಾದ ಎಸ್‌ಇಲಿನಕ್ಸ್ ಸಕ್ರಿಯವಾಗಿದ್ದರೆ, ಅನುಮತಿಗಳೆಲ್ಲ ಸರಿಯಿದ್ದರೂ ಫೈಲಿನ ಗುರುತುಚೀಟಿ ತಪ್ಪಿರಬಹುದು. ‘ರಿಸ್ಟೋರ್‌ಕಾನ್’ ಕಮಾಂಡ್ ಅದನ್ನು ಸರಿಪಡಿಸುತ್ತದೆ. ದೂರದಿಂದ ಸರ್ವರಿನ ಸೆಟ್ಟಿಂಗ್ ಬದಲಿಸುವಾಗ ಈಗಿರುವ ಸಂಪರ್ಕವನ್ನು ಮುಚ್ಚದೆ, ಇನ್ನೊಂದು ಕಿಟಕಿಯಿಂದ ಹೊಸ ಸಂಪರ್ಕ ಸಾಧ್ಯವೆಂದು ನೋಡಿದ ಮೇಲಷ್ಟೇ ಮೊದಲನೆಯದನ್ನು ಬಿಡಿ.

ದೋಷ ನಿವಾರಣೆಯಾದ ಮೇಲೆ ಇನ್ನರ್ಧ ಗಂಟೆಯ ಕೆಲಸ ಉಳಿಯುತ್ತದೆ. ಸರ್ವರ್ ಖಾತೆಯಲ್ಲಿರುವ ಪ್ರತಿ ಕೀಯ ಫಿಂಗರ್‌ಪ್ರಿಂಟನ್ನೂ ನಿಮ್ಮ ಕಂಪ್ಯೂಟರ್‌ಗಳಲ್ಲಿರುವ ಕೀಗಳೊಂದಿಗೆ ಹೋಲಿಸಿ, ಜೋಡಿಯಿಲ್ಲದವುಗಳನ್ನು ಅಳಿಸಿ. ಪರೀಕ್ಷೆಗೆಂದು ಪಾಸ್‌ಫ್ರೇಸ್ ಇಲ್ಲದೆ ಸೃಷ್ಟಿಸಿದ ಕೀಯನ್ನೇ ಉಳಿಸಿಕೊಂಡಿದ್ದರೆ, ‘ಎಸ್‌ಎಸ್‌ಎಚ್-ಕೀಜೆನ್’ ಕಮಾಂಡಿನ ಸಣ್ಣ ಪಿ ಆಯ್ಕೆಯಿಂದ ಅದೇ ಕೀಗೆ ಪಾಸ್‌ಫ್ರೇಸ್ ಸೇರಿಸಬಹುದು. ಸಾರ್ವಜನಿಕ ಭಾಗ ಬದಲಾಗುವುದಿಲ್ಲವಾದ್ದರಿಂದ ಮತ್ತೆ ನೋಂದಾಯಿಸಬೇಕಾಗಿಲ್ಲ. ಆಮೇಲೆ ಕಂಪ್ಯೂಟರನ್ನು ಒಮ್ಮೆ ಮರುಪ್ರಾರಂಭಿಸಿ, ಏಜೆಂಟ್ ಬರಿದಾಗಿರುವ ಸ್ಥಿತಿಯಲ್ಲಿ ಎಸ್‌ಎಸ್‌ಎಚ್ ಪರೀಕ್ಷೆಯನ್ನೂ ಗಿಟ್ ಫೆಚ್ ಅನ್ನೂ ಮತ್ತೆ ನಡೆಸಿ ನೋಡಿ.